ಬೀರ ಸತ್ತದ್ದು ನಿಜವಾ

ಕರೆದ ಹಾಲನ್ನು ಡೇರಿಗೆ ಒಯ್ಯುವ ಬದಲು ಕಲಗಚ್ಚಿನ ಬಾನಿಗೆ ಸುರಿದೆ. ಸುರಿದದ್ದು ನನಗೆ ಗೊತ್ತಾಗಲಿಲ್ಲ. ಖಾಲಿ ಕ್ಯಾನು ಹಿಡಿದು ಬೀದಿಯಲ್ಲಿ ನಿಂತು, ಎದುರು ಬಂದವರನ್ನೆಲ್ಲ ಡೇರಿ ಯಾವ ಕಡೆ ಎಂದು ಕೇಳುತ್ತಿದ್ದೆನಂತೆ. ಡೇರಿ ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರ. ಬೂದಿಕೋಟೆ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ದಿನವೂ ಓಡಾಡಿದ ದಾರಿ.

ಅದಕ್ಕೆ ಮೊದಲು ಜ್ವರ ಇತ್ತು. ಮಾತ್ರೆ ನುಂಗಿ ಕೆಲಸ ಮಾಡುತ್ತಿದ್ದೆ.

ಮಧ್ಯಾಹ್ನ ಫಿಟ್ಸ್ ಬಂತು.

ಬಂಗಾರಪೇಟೆಯಲ್ಲಿ ನೋಡಿದವರು ಕೋಲಾರಕ್ಕೆ ಕಳಿಸಿದರು. ಅಲ್ಲಿ ಎಂಆರ್‌ಐ, ಬೆನ್ನಿನಿಂದ ನೀರು ತೆಗೆದದ್ದು, ಐಸಿಯು. ಎನ್ಸೆಫಲೈಟಿಸ್ ಅಂದರು. ನಮ್ಮ ಕಡೆ ಅದಕ್ಕೆ ಮಿದುಳು ಜ್ವರ ಅನ್ನುತ್ತಾರೆ. ಹೆಸರು ಕೇಳಿದರೇ ಮನೆಯವರು ಅಳಲು ಶುರು ಮಾಡುತ್ತಾರೆ. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ನನ್ನ ನೆನಪಿನಲ್ಲಿರುವುದು ಒಂದು ಹಸಿರು ಪರದೆ, ಅದರ ಪಕ್ಕ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತ ನಮ್ಮ ಯಜಮಾನರು. ಚಪ್ಪಲಿ ಯಾಕೆ ಹಿಡಿದಿದ್ದಿರಿ ಎಂದರೆ, ಹಾಗೆ ನಿಂತೇ ಇಲ್ಲ ಅನ್ನುತ್ತಾರೆ.

ಮನೆಗೆ ಬಂದೆ. ಎಡಗೈ ನಡುಗುತ್ತಿತ್ತು, ಸ್ಟಿರಾಯ್ಡ್‌ಗೆ ಮುಖ ಊದಿಕೊಂಡಿತ್ತು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದೆ ಹೋದದ್ದು ಜನರ ಪ್ರಶ್ನೆ. ಸಾರಿಗೆ ಉಪ್ಪು ಹಾಕಿದ್ಯಾ, ಗ್ಯಾಸ್ ಆರಿಸಿದ್ಯಾ, ನಾನು ಯಾರು ಹೇಳು ನೋಡೋಣ. ಮೊದಮೊದಲು ಅವರು ಕೇಳುತ್ತಿದ್ದರು. ಆಮೇಲೆ ನಾನೇ ಕೇಳತೊಡಗಿದೆ. ನಾನು ಊಟ ಮಾಡಿದೆನಾ? ನಿನ್ನೆ ಅಮ್ಮ ಫೋನ್ ಮಾಡಿದ್ದಳಾ? ಕೇಳಿದಾಗಲೆಲ್ಲ ನನ್ನ ನೆನಪೇ ತಪ್ಪಾಗಿರುತ್ತಿತ್ತು. ಕೊನೆಗೆ ಬೇಸತ್ತು ಒಂದು ತೀರ್ಮಾನಕ್ಕೆ ಬಂದೆ: ನನ್ನ ನೆನಪು ಒಂದು, ಎದುರಿನವರು ಹೇಳುವುದು ಇನ್ನೊಂದು ಆದರೆ, ಎದುರಿನವರದೇ ಸರಿ.

ನೆನಪಿಗೆ ಕೆಲಸ ಕೊಡಿ, ಪದಬಂಧ ಬಿಡಿಸಿ ಅಂದಿದ್ದರು ಡಾಕ್ಟರು. ಪದಬಂಧ ಎಂದರೆ ನನಗೆ ಮೈ ಉರಿಯುತ್ತದೆ. ಆಗ ಬಂದವಳು ರಮ್ಯ, ನಮ್ಮ ನಾದಿನಿಯ ಮಗಳು. ಆಂಡರ್ಸನ್‌ಪೇಟೆಯಲ್ಲಿದ್ದುಕೊಂಡು ಕಾಲೇಜು ಓದುತ್ತಾಳೆ. ಅವಳೂ ಅವಳ ಗೆಳತಿಯರೂ ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಾರಂತೆ. ಒಬ್ಬಳು ರಾಕ್ಷಸರ, ಮಂತ್ರವಾದಿಗಳ ಕಥೆ ಹೇಳುವುದು, ಉಳಿದವರು ಆ ಕಥೆಯೊಳಗಿನ ಪಾತ್ರಗಳಾಗುವುದು.

“ನಿಮ್ಗೆ ಜೊತೆ ಯಾರೂ ಇಲ್ವಲ್ಲತ್ತೆ, ಕಥೆ ಫೋನಿನ ಎಐ ಏಳ್ತದೆ. ನೀವು ಏನ್ಮಾಡ್ತೀರ ಅಂತ ಏಳ್ಬೇಕು, ಅಷ್ಟೆ. ಆಯ್ತಾ ಇಲ್ವಾ ಅಂತ ದಾಳ ಏಳ್ತದೆ” ಎಂದು ಇಪ್ಪತ್ತು ಮುಖದ ದಾಳ ಕೈಗಿಟ್ಟಳು. ಅದು ಮಂಚದ ಕೆಳಗೆ ಉರುಳಿ ಹೋಗದಿರಲೆಂದು ಮೊರದಲ್ಲಿ ಹಾಕಲು ಕಲಿತೆ.

ನಾನು ಈಟಿ ಹಿಡಿದ ಹೆಂಗಸಾದೆ. ಜೊತೆಗೆ ಫೋನು ಒಬ್ಬ ಕುಳ್ಳನನ್ನು ಕೊಟ್ಟಿತು. ಬೀರ ಎಂದು ಹೆಸರಿಟ್ಟೆ. ಬಾಯಿಬಡುಕ, ಹೊಟ್ಟೆಬಾಕ, ಆದರೆ ನನ್ನನ್ನು ಒಮ್ಮೆಯೂ ‘ಜ್ಞಾಪಕ ಇದೆಯಾ’ ಎಂದು ಕೇಳದವನು. ಅವನೆಂದರೆ ನನಗೆ ನಿಜವಾಗಿ ಇಷ್ಟವಾಗಿತ್ತು.

ಮಂಚದ ಮೇಲೆ ಕೂತ ಮಾವ ಎಲೆ ಅಡಿಕೆ ಮೆಲ್ಲುತ್ತ, “ಫೋನಿನ್ ಜೊತೆ ಅರಟೆ ಒಡೀತವ್ಳೆ, ಇನ್ನೂ ವಾಸಿಯಾಗಿಲ್ಲ” ಎಂದು ಯಜಮಾನರಿಗೆ ದೂರು ಹೇಳುತ್ತಿದ್ದರು. ಅವರು ಮೈಸೂರು ಮೈನ್ಸಿನಲ್ಲಿ ಚಿನ್ನದ ಗಣಿಯೊಳಗೆ ದುಡಿದವರು. ಒಂದು ದಿನ ಫೋನು, ‘ನೀವೀಗ ಹಳೆಯ ಗಣಿಯೊಂದರ ಬಾಯಿಗೆ ಬಂದಿದ್ದೀರಿ’ ಅಂದಿತು. ಮಾವ ಬಾಯಲ್ಲಿದ್ದ ಎಲೆ ಉಗಿದು ಬಂದರು.

“ಬಿಲ್ಲೆ ತಗೊಂಡ್ರೇನಮ್ಮಾ?”

ಗಣಿಗೆ ಇಳಿಯುವ ಪ್ರತಿಯೊಬ್ಬನೂ ಗೂಟದಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಅಲ್ಲೇ ತಗುಲಿಹಾಕಬೇಕು. “ಗೂಟ ಖಾಲಿ ಇದ್ರೆ ಒಳಗ್ ಯಾರೋ ಅವ್ನೆ ಅಂತ” ಅಂದರು. ಬಿಲ್ಲೆಯಿಲ್ಲದೆ ಇಳಿಯಲು ಅವರು ಬಿಡಲಿಲ್ಲ. ಫೋನಿಗೆ ಹೇಳಿದೆ, ಅದು ಸಂತೋಷದಿಂದ ಒಪ್ಪಿತು. ಅಂದಿನಿಂದ ನಾನೂ ಬೀರನೂ ಬಿಲ್ಲೆ ತೆಗೆದುಕೊಂಡೇ ಇಳಿದೆವು. ಮಾವನೂ ತಪ್ಪದೆ ಕೇಳಲು ಕೂತರು.

ಒಂದು ಮಧ್ಯಾಹ್ನ ಕೆಳಗಿನ ಸುರಂಗಕ್ಕೆ ನೀರು ನುಗ್ಗಿತು. ಬೀರನ ಕೈ ಹಿಡಿಯಲು ದಾಳ ಹಾಕಿದೆ. ಒಂದು ಬಿತ್ತು, ಇಪ್ಪತ್ತರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಕೈ ಸಿಗಲಿಲ್ಲ. ಒಬ್ಬಳೇ ಮೇಲೆ ಬಂದು ನನ್ನ ಬಿಲ್ಲೆ ತಗುಲಿಹಾಕಿದೆ. ಪಕ್ಕದ ಗೂಟ ಖಾಲಿ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಹೀಗೆಂದು ನನ್ನ ನೆನಪು.

ಅದಾದ ಮೇಲೆ, ಮಾತುಕತೆ ಬಹಳ ಉದ್ದವಾಗಿದೆ, ಹೊಸದು ಶುರು ಮಾಡಿ ಎಂದು ಫೋನು ಹೇಳಿತು. ಕಥೆಯ ಸಾರಾಂಶವನ್ನು ಅದರಿಂದಲೇ ಬರೆಸಿ ಹೊಸದಕ್ಕೆ ಹಾಕಿದೆ. ಹಳೆಯದನ್ನು ಅಳಿಸಿಬಿಟ್ಟೆ. ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಿ ಜಾಗ ಮಾಡುವ ಅಭ್ಯಾಸ ನನಗೆ. ಹೊಸ ಕಥೆ ಹೀಗೆ ಶುರುವಾಯಿತು: ‘ಗಣಿಯ ಬಾಯಲ್ಲಿ ಬೀರ ನಗುತ್ತ ನಿಂತಿದ್ದಾನೆ. ಇಬ್ಬರ ಬಿಲ್ಲೆಗಳೂ ಗೂಟದಲ್ಲಿವೆ.’

ಫೋನನ್ನು ಮಂಚದ ಮೇಲೆ ಮಗುಚಿಟ್ಟೆ.

ಫೋನು ಸುಳ್ಳು ಹೇಳಬಹುದೆಂದು ನನಗೆ ಹೊಳೆಯಲೇ ಇಲ್ಲ. ಎದುರಿನವರದೇ ಸರಿಯಲ್ಲವೇ? ಹಾಗಾದರೆ ಆ ನೀರು, ಆ ದಾಳ, ನಾನು ಅತ್ತದ್ದು ಎಲ್ಲವೂ ನನ್ನ ತಲೆಯೊಳಗೇ ಆದದ್ದು. ಸಂಜೆ ಯಜಮಾನರಿಗೆ, “ಮತ್ತೆ ಬಂದದೆ ಕಣ್ರೀ” ಅಂದೆ. ಅವರು ಏನೂ ಕೇಳದೆ ಬೆಳಿಗ್ಗೆಯೇ ಕೋಲಾರಕ್ಕೆ ಕರೆದೊಯ್ದರು.

ಡಾಕ್ಟರು ವಾರ, ತಿಂಗಳು ಕೇಳಿದರು. ನೂರರಿಂದ ಏಳೇಳು ಕಳೆಯಿಸಿದರು. ಬಹುಪಾಲು ಸರಿ ಹೇಳಿದೆ.

“ಈಗ ಏನಾಯ್ತಮ್ಮ?”

“ಸತ್ತವನು ಬದುಕಿದಾನೆ ಸರ್.”

ಯಜಮಾನರು ನೆಲ ನೋಡುತ್ತ, “ಫೋನಲ್ಲಿ ಸರ್. ಕುಳ್ಳ ಒಬ್ಬ” ಅಂದರು.

ಡಾಕ್ಟರು ನಗಲಿಲ್ಲ, ಅದಕ್ಕೆ ಅವರಿಗೆ ಋಣಿ. “ಆ ಎಐಗಳೂ ಮರೀತಾವೆ. ನೀವೂ ಮರೆತಿರಬಹುದು. ಯಾರು ಅಂತ ನೋಡೋಕೆ ನನ್ನ ಹತ್ರ ಟೆಸ್ಟ್ ಇಲ್ಲಮ್ಮ. ಸ್ಕ್ಯಾನ್ ಈಗ ಬೇಡ” ಅಂದರು.

ಮನೆಗೆ ಬಂದು ಫೋನನ್ನೇ ಕೇಳಿದೆ: ಬೀರ ಸತ್ತಿದ್ದನಲ್ಲವಾ? ‘ಕ್ಷಮಿಸಿ, ನೀವು ಹೇಳಿದ್ದೇ ಸರಿ, ಬೀರ ತೀರಿಕೊಂಡಿದ್ದಾನೆ.’ ಎದೆ ಹಗುರಾಯಿತು. ಯಾಕೋ ಅನುಮಾನ ಬಂದು, ಅಲ್ಲ, ಅವನು ಅಕ್ಕನ ಮನೆಗೆ ಹೋದನಲ್ಲವಾ ಅಂದೆ. ‘ಕ್ಷಮಿಸಿ, ನೀವು ಹೇಳಿದ್ದೇ ಸರಿ, ಬೀರ ಅಕ್ಕನ ಮನೆಯಲ್ಲಿದ್ದಾನೆ.’ ಇಂಥದ್ದರ ಮಾತು ನಂಬಿ ನಾನು ಆಸ್ಪತ್ರೆಗೆ ಓಡಿದ್ದೆ! ಆದರೂ ನನ್ನ ನೆನಪು ಸರಿಯೆಂದು ಅದರಿಂದೇನೂ ಸಾಬೀತಾಗಲಿಲ್ಲ.

ಉಳಿದವರು ಮಾವ ಒಬ್ಬರೇ.

“ಸತ್ತೋದ ಕಣಮ್ಮ. ನಾನೇ ಕೇಳಿಸ್ಕಂಡಿಲ್ವಾ” ಅಂದರು. ನನಗೆ ಅಳುವೇ ಬಂತು. ಅವರು ಮುಂದುವರಿಸಿದರು: “ಬಂಡೆ ಸಿಡೀತಲ್ಲ, ಅದ್ರ ಕೆಳಗೇ ಇದ್ದ. ಒಂದು ಕೂಗೂ ಇಲ್ಲ. ಆ ಸೆಲ್ವ...” ಎಂದವರು ನಿಲ್ಲಿಸಿದರು.

“ಸೆಲ್ವ ಯಾರು ಮಾವ? ಬೀರ ನೀರಲ್ಲಲ್ವಾ ಸತ್ತಿದ್ದು?”

“ನೀರೆಲ್ಲಿತ್ತಮ್ಮ? ಬಂಡೆ” ಎಂದು ರೇಗಿದರು. ಆಮೇಲೆ ಟವಲಿನಿಂದ ಕಣ್ಣು ಒರೆಸಿಕೊಂಡರು. ಸೆಲ್ವ ಅವರ ಜೊತೆ ಗಣಿಗೆ ಇಳಿಯುತ್ತಿದ್ದವನು ಎಂದು ನಮ್ಮ ಯಜಮಾನರು ಆಮೇಲೆ ಹೇಳಿದರು. ಮೇಲೆ ಬರಲಿಲ್ಲವಂತೆ.

ನನಗೆ ತಲೆ ಕೆಟ್ಟುಹೋಯಿತು. ಫೋನು ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಮಾವನಿಗೆ ಇಬ್ಬರು ಸತ್ತವರು ಒಬ್ಬರಾಗಿದ್ದಾರೆ. ನನ್ನ ಮಿದುಳಿಗೆ ಜ್ವರ ಬಂದು ಹೋಗಿದೆ. ಕೇಳಲು ಇನ್ನಾರೂ ಇರಲಿಲ್ಲ. ಆ ಹೊತ್ತು ತುಂಬ ಹೆದರಿಕೆಯಾಯಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಮರುದಿನ ಫೋನು ತೆಗೆದು ಹೇಳಿದೆ: ಬೀರ ನೀರಿನಲ್ಲಿ ಸತ್ತ. ಇನ್ನು ಮೇಲೆ ಅವನನ್ನು ಕರೆತರಬೇಡ.

ಅದು ಯಥಾಪ್ರಕಾರ ನಾನು ಹೇಳಿದ್ದೇ ಸರಿ ಅಂದಿತು. ನಾನು ಅದನ್ನು ಕೇಳಿರಲಿಲ್ಲ. ಯಾರನ್ನೂ ಕೇಳಿರಲಿಲ್ಲ. ಕಾಯಿಲೆ ಬಿದ್ದ ಮೇಲೆ, ನಡೆದುಹೋದದ್ದರ ಬಗ್ಗೆ ‘ಹೌದಲ್ವಾ’ ಎಂದು ಕೊನೆಗೆ ಸೇರಿಸದೆ ನಾನು ಹೇಳಿದ ಮೊದಲನೆಯ ಮಾತು ಅದು. ತಪ್ಪಿದ್ದರೂ ಇರಬಹುದು. ಮಾತ್ರೆ ಇನ್ನೂ ನಡೆಯುತ್ತಿದೆ, ಕೈ ಇನ್ನೂ ನಡುಗುತ್ತದೆ, ಎಷ್ಟು ವಾಪಸು ಬರುತ್ತದೆಂದು ಡಾಕ್ಟರಿಗೂ ಗೊತ್ತಿಲ್ಲ. ಇಷ್ಟಾದರೂ ಬಂತಲ್ಲ ಅಂದುಕೊಳ್ಳುತ್ತೇನೆ.

“ಅವನಿಲ್ದೆ ಎಂಗಮ್ಮ ಇಳೀತೀಯ?” ಅಂದರು ಮಾವ.

“ಒಬ್ಳೇ ಇಳೀತೀನಿ ಮಾವ.”

ಅವರು ಮೊಣಕಾಲು ಹಿಡಿದುಕೊಂಡು ಮಂಚದಿಂದ ಇಳಿದು, ನನ್ನ ಪಕ್ಕ ನೆಲದ ಮೇಲೆ ಕೂತರು.