ನಾನು ನೋಡದ ಗೋಲು

ಕಳೆದ ರವಿವಾರ ಬೆಳಿಗ್ಗೆ ಹುಬ್ಬಳ್ಳಿಯ ಒಂದು ಚಹದಂಗಡಿಯಲ್ಲಿ ನನ್ನ ಬರಹವನ್ನು ನನ್ನ ಎದುರಿಗೇ ಒಬ್ಬರು ಗಟ್ಟಿಯಾಗಿ ಓದಿದರು. ಬರೆಯುವವನಿಗೆ ಇದಕ್ಕಿಂತ ಸಂತೋಷ ಇನ್ನೇನಿದೆ ಎನ್ನುತ್ತೀರಾ? ಕೇಳಿ.

ನಮ್ಮ ಹುಬ್ಬಳ್ಳಿಯ ಫುಟ್‌ಬಾಲ್ ತಂಡಕ್ಕೆ ಕೋಚ್ ಬೇಕಾಗಿದೆ. ಮೂರು ವರ್ಷದಿಂದ ತಂಡ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬರುತ್ತಿದೆ. ಸೆಕ್ರೆಟರಿ ವಸಂತರಾವ್ ಅವರು ಮಿರಜಿಯಿಂದ ಫಕೀರಪ್ಪನವರನ್ನು ಕರೆಸಿದ್ದಾರೆ. ವಯಸ್ಸು ಐವತ್ತರ ಹತ್ತಿರ. ಒಂದು ಕಾಲಕ್ಕೆ ಇದೇ ತಂಡದಲ್ಲಿ ಗೋಲಿನ ಮುಂದೆ ಬ್ಯಾಕ್ ಆಡಿದವರು. ಹದಿನೈದು ವರ್ಷದಿಂದ ಮಿರಜಿಯ ಹುಡುಗರನ್ನು ತಯಾರು ಮಾಡುತ್ತಿದ್ದಾರೆ. ಆ ಹುಡುಗರು ನಮ್ಮ ಮೈದಾನಕ್ಕೇ ಬಂದು ನಮ್ಮವರನ್ನು ಎರಡು ಸಲ ಸೋಲಿಸಿ ಹೋಗಿದ್ದಾರೆ.

ಇನ್ನೇನು ಬೇಕು? ಆದರೆ ಅಭಿಮಾನಿಗಳು ಒಪ್ಪಬೇಕಲ್ಲ! ಅವರು ಬೇಡವೆಂದರೆ ಕಮಿಟಿಯೂ ಬೇಡವೆನ್ನುತ್ತದೆ. (ನಮ್ಮಲ್ಲಿ ಆಡುವವರು ಹನ್ನೊಂದು ಮಂದಿ, ಆಡಿಸುವುದು ಚಹದಂಗಡಿ.)

ಆ ರವಿವಾರ ಫಕೀರಪ್ಪನವರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ತಲೆಗೆ ರುಮಾಲು, ಮೊಣಕಾಲ ನಡುವೆ ಕೊಡೆ. ಅವರ ಚಹ ಬಸಿಯಲ್ಲೇ ಆರುತ್ತಿತ್ತು.

"ಈ ಮನಶ್ಯಾ ಮಿರಜಿಗೆ ಯಾಕ ಹೋದ, ಅದನ್ನ ಕೇಳ್ರಿ ಮೊದಲ," ಎಂದರು ನಿಂಗಪ್ಪ. ಹತ್ತಿ ಬಿಡಿಸುವ ಜಿನ್ನಿನಲ್ಲಿ ಮಿಸ್ತ್ರಿ. ಮ್ಯಾಚ್ ಎಂದರೆ ಊಟ ಬಿಟ್ಟು ಬರುವವರು.

"ನಿಂಗಪ್ಪ, ಹಿರ್ಯಾರು ಎದುರಿಗೇ ಕೂತಾರ. ಸ್ವಲ್ಪ ಸೌಮ್ಯ ಮಾತಾಡ್ರಿ," ಎಂದರು ವಸಂತರಾವ್.

"ಸೌಮ್ಯ ಎಲ್ಲಿಂದ ತರ್ಲಿ ಸಾಹೇಬ್ರ? ಶೀಲ್ಡ್ ಫೈನಲ್‌ನಾಗ ಪಲ್ಟನ್ನಿನ ಸಿಪಾಯಿಗಳ ಟೀಮಿಗೆ ಚೆಂಡು ತಾಟಿನ್ಯಾಗ ಇಟ್ಟು ಕೊಟ್ಟಾರ ಇವರು! ಎಲಿ-ಅಡಿಕಿ ಒಂದ ಕಡಿಮಿ ಇತ್ತು."

ಅಂಗಡಿಯೆಲ್ಲ ನಕ್ಕಿತು. ಫಕೀರಪ್ಪನವರು ನಗಲಿಲ್ಲ, ಏಳಲೂ ಇಲ್ಲ.

"ನೀವು ಕಂಡೀರೇನು?" ಎಂದರು ವಸಂತರಾವ್.

"ಕಾಣೂದ್ಯಾಕ? ಪೇಪರ್‌ನಾಗ ಬಂದೈತಿ."

ನಿಂಗಪ್ಪ ಅಂಗಿಯ ಒಳಜೇಬಿನಿಂದ ಅಂಗೈಯಗಲದ ರಟ್ಟು ತೆಗೆದರು. ಅದಕ್ಕೆ ಅಂಟಿಸಿದ ಕಾಗದ ಹಳದಿಯಾಗಿತ್ತು. ಎದ್ದು ನಿಂತು ಓದಿದರು: "ಕೊನೆಯ ಗಳಿಗೆಯಲ್ಲಿ ಹುಬ್ಬಳ್ಳಿಯ ಫಕೀರಪ್ಪನು ಗಾಬರಿಯಿಂದ ಚೆಂಡನ್ನು ತನ್ನ ಗೋಲಿಗೇ ಒದ್ದನು. ಸೋಲಿಗೆ ಅವನೊಬ್ಬನೇ ಹೊಣೆ."

ಮೇಲೆ 'ನಮ್ಮ ಬಾತ್ಮೀದಾರರಿಂದ' ಎಂದಿತ್ತು. ಹೆಸರಿರಲಿಲ್ಲ. ಆ ಬಾತ್ಮೀದಾರ ಮೂರನೆಯ ಬೆಂಚಿನ ಮೇಲೆ ಚಹ ಕುಡಿಯುತ್ತಿದ್ದಾನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹದಿನೈದು ವರ್ಷದ ಹಿಂದೆ, ಆ ಫೈನಲ್ ದಿನ, ಚೆಂಡಿನ ಬ್ಲ್ಯಾಡರ್ ಒಡೆದು ಮ್ಯಾಚ್ ತಡವಾಗಿ ಸುರುವಾಗಿತ್ತು. ನಮ್ಮ ಪ್ರೆಸ್ ಇರುವುದು ಧಾರವಾಡದಲ್ಲಿ. ಸಂಜೆಯ ಗಾಡಿ ತಪ್ಪಿದರೆ ರಿಪೋರ್ಟ್ ಮರುದಿನದ ಪೇಪರಿಗೆ ಇಲ್ಲ. ಎರಡೂ ಕಡೆ ಒಂದೊಂದು ಗೋಲು, ಆಟ ಇನ್ನು ಐದೇ ನಿಮಿಷ. ನಾನು ಎದ್ದು ಬಂದೆ. ಟಾಂಗಾ ಹತ್ತಿ ಕೂತಾಗ ಹಿಂದಿನಿಂದ ದೊಡ್ಡ ಕೂಗು. ಓಡಿ ಬಂದವನೊಬ್ಬ, "ಸೋತ್ವಿರೀ! ಫಕೀರಪ್ಪ ನಮ್ಮ ಗೋಲಿನ್ಯಾಗ ಹಾಕಿದ!" ಎಂದ.

ಅವನು ಹೇಳಿದ್ದು ಅಷ್ಟೇ. ರೈಲಿನಲ್ಲಿ ಪೆನ್ಸಿಲಿನಿಂದ ಬರೆದೆ. 'ಗಾಬರಿಯಿಂದ' ಎಂಬ ಮಾತನ್ನು ಅವನು ಹೇಳಿರಲಿಲ್ಲ. ಅದು ನನ್ನದು. 'ಅವನೊಬ್ಬನೇ ಹೊಣೆ' ಎಂಬುದೂ ನನ್ನದೇ. ಅದಿಲ್ಲದೆ ಪ್ಯಾರಾ ಬೋಳಾಗಿ ಕಂಡಿತ್ತು.

ಆ ಎರಡು ಸಾಲು ಬಂದ ತಿಂಗಳಲ್ಲೇ ಫಕೀರಪ್ಪ ಊರು ಬಿಟ್ಟರೆಂದು ಕೇಳಿದ್ದೆ. ವಿಚಾರಿಸಲು ಹೋಗಿರಲಿಲ್ಲ.

ಈಗ ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ? ನಮ್ಮ ಆಫೀಸಿಗೆ ಬರುವ ಹೊಸಬರಿಗೆ ನಾನು ಮೊದಲು ಹೇಳುವ ಪಾಠ ಒಂದೇ: ಕಂಡದ್ದನ್ನು ಕಂಡೆ ಎಂದು ಬರೆ, ಕೇಳಿದ್ದನ್ನು ಕೇಳಿದೆ ಎಂದು ಬರೆ. ಕೈಯಲ್ಲಿದ್ದ ಕಪ್ಪು ಕೆಳಗಿಟ್ಟೆ.

"ನಿಂಗಪ್ಪನವರ, ಅದನ್ನ ಬರದಾವ ನಾನ. ಆ ಗೋಲು ನಾ ನೋಡಿಲ್ಲ."

ನಿಂಗಪ್ಪ ನನ್ನ ಮುಖ ನೋಡಿದರು. ರಟ್ಟು ನೋಡಿದರು. ಮತ್ತೆ ನನ್ನನ್ನು ನೋಡಿದರು. ಯಾರನ್ನು ನಂಬಿದರು ಎನ್ನುತ್ತೀರಿ?

"ಹಂಗಂದ್ರ ಹೆಂಗ್ರಿ? ಅಚ್ಚಾಗೈತಲ್ರೀ!"

"ಅಚ್ಚಾಗಿದ್ದು ಖರೇ. ನಾ ನೋಡಿಲ್ಲ ಅನ್ನೂದೂ ಖರೇ."

"ಈಗಿನ ನಿಮ್ಮ ಮಾತು ಕೇಳೂದೋ, ಆವಾಗಿಂದು ಕೇಳೂದೋ? ಆವಾಗ ನಿಮಗ ನೆನಪು ತಾಜಾ ಇತ್ತು."

(ನೋಡದೆ ಇದ್ದದ್ದರ ನೆನಪು ಎಷ್ಟು ತಾಜಾ ಇದ್ದರೇನು?)

"ನೀವೆಲ್ಲಿದ್ರಿ ಅವತ್ತ?" ಎಂದು ಕೇಳಿದೆ.

"ಜಿನ್ನಿನ್ಯಾಗ. ಹತ್ತಿ ಸುಗ್ಗಿರೀ, ರಜಾ ಯಾರು ಕೊಡ್ತಾರ?"

ವಸಂತರಾವ್ ಆಗ ಪುಣೆಯಲ್ಲಿ ಓದುತ್ತಿದ್ದರು. ಉಳಿದವರನ್ನೂ ಒಬ್ಬೊಬ್ಬರಾಗಿ ಕೇಳಿದೆವು. ಅಂಗಡಿಯಲ್ಲಿದ್ದವರ ಪೈಕಿ ಆ ಐದು ನಿಮಿಷ ಮೈದಾನದಲ್ಲಿದ್ದವರು ಒಬ್ಬರೇ. ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಫಕೀರಪ್ಪ ಮಾಸ್ತರ, ನೀವರ ಹೇಳ್ರಿ. ಏನಾತು ಅವತ್ತ?" ಎಂದರು ವಸಂತರಾವ್.

ಫಕೀರಪ್ಪನವರು ಕೊಡೆಯ ಹಿಡಿಯನ್ನು ಸುಮ್ಮನೆ ತಿರುವುತ್ತಿದ್ದರು. "ಗೋಲ್‌ಕೀಪರ್ ನಮ್ಮ ಹನಮಂತ ಇದ್ದ. ಈಗ ಅವ ಇಲ್ಲ. ತಿರುಗಿ ಮಾತಾಡಾಕ ಆಗದವನ ಬಗ್ಗೆ ನಾ ಏನೂ ಹೇಳಂಗಿಲ್ಲ."

ಎದ್ದು ನನ್ನ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ಈಗ ಇಲ್ಲಿ ಹತ್ತು ಮಂದಿ ಕೇಳಿದ್ರು. ಆವಾಗ ಊರೆಲ್ಲಾ ಓದಿತ್ರಿ. ಪೇಪರ್‌ನಾಗ ಬರೀರಿ. ನೋಡಿಲ್ಲ ಅನ್ನೂದಷ್ಟ ಬರೀರಿ. ಫಕೀರಪ್ಪ ಛಲೋ ಆಡಿದ ಅಂತ ಬರೀಬ್ಯಾಡ್ರಿ. ಅದನ್ನೂ ನೀವು ನೋಡಿಲ್ಲ."

ಮಧ್ಯಾಹ್ನದ ಗಾಡಿಗೆ ಮಿರಜಿಗೆ ಹೊರಟುಹೋದರು. ಹಿಂದಿನ ಸಂಜೆ ನಮ್ಮ ತಂಡದ ಹುಡುಗರ ಪ್ರಾಕ್ಟೀಸನ್ನು ಅವರು ಮೈದಾನದ ಹೊರಗೇ ನಿಂತು ನೋಡಿದರಂತೆ. ಒಳಗೆ ಬನ್ನಿ ಎಂದರೆ, "ಊರಿನವರು ಕರದ್ರ ಬರ್ತೇನಿ" ಎಂದರಂತೆ. ವಸಂತರಾವ್ ಆಮೇಲೆ ಹೇಳಿದರು.

ಬರುವ ರವಿವಾರ ಕಮಿಟಿ ಕೂಡುತ್ತದೆ. ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಆ ಗೋಲು ಹೇಗಾಯಿತೆಂದು ಈ ಬಾತ್ಮೀದಾರನಿಗೆ ಗೊತ್ತಿಲ್ಲ. ಅವನು ಟಾಂಗಾದಲ್ಲಿದ್ದ. ಕೋಚ್ ಬೇಕೋ ಬೇಡವೋ, ಅದು ನಿಮ್ಮ ತೀರ್ಮಾನ. ಮಿರಜಿಯ ಹುಡುಗರ ಆಟ ನೋಡಿ ನಿರ್ಧರಿಸಿ. ಅದನ್ನಂತೂ ಎರಡು ಸಲ ಕಣ್ಣಾರೆ ಕಂಡಿದ್ದೀರಿ.

ನಿಂಗಪ್ಪನವರೇ, ನಿಮ್ಮ ರಟ್ಟಿನ ಹಿಂಬದಿ ಖಾಲಿ ಇದೆ, ಅದನ್ನು ನಾನು ನೋಡಿದ್ದೇನೆ. ಇದನ್ನು ಅಲ್ಲಿ ಅಂಟಿಸುತ್ತೀರಾ?