ನಲವತ್ತನೇ ದಿನದ ಗೋಧಿ

ಮೊಮ್ಮಗಳು ಗ್ರೀಸ್ ನೋಡೋಕೆ ಹೊರಟಿದ್ದಾಳೆ. ಹಳೇ ದೇವಸ್ಥಾನ, ಸಮುದ್ರ, ದ್ವೀಪ ಅಂತ ಪಟ್ಟಿ ಮಾಡಿಕೊಂಡಿದ್ದಾಳೆ. ನನ್ನ ಓದು ಅಷ್ಟಕ್ಕಷ್ಟೆ. ಆ ದೇಶದ ಬಗ್ಗೆ ನನಗೆ ಗೊತ್ತಿರೋದು ಒಂದೇ: ಅಲ್ಲಿ ಚರ್ಚಿನ ಬಾಗಿಲಲ್ಲಿ ಯಾರಾದರೂ ಬೇಯಿಸಿದ ಗೋಧಿ ಕೊಟ್ಟರೆ ಬೇಡ ಅನ್ನಬಾರದು.

ಮಗ-ಸೊಸೆ ಇರೋ ಪರದೇಶದ ಊರಾದ ಓಲ್ಡ್ ಬ್ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬಳು ಗ್ರೀಕ್ ಮುದುಕಿ ಇದ್ದಳು. ಈಗ ಆಕೆ ಇಲ್ಲ, ಆ ಮನೆಗೆ ಬೇರೆ ಯಾರೋ ಬಂದಿದ್ದಾರೆ. ಆಗ ಆಕೆಯ ಗಂಡ ಸತ್ತು ಸ್ವಲ್ಪ ದಿನವಾಗಿತ್ತು. ಒಂದು ಭಾನುವಾರ ನಮಗೆ ತಟ್ಟೆ ತುಂಬ ಬೇಯಿಸಿದ ಗೋಧಿ ತಂದುಕೊಟ್ಟಳು. ಮೇಲೆ ಸಕ್ಕರೆ ಪುಡಿ, ಬಾದಾಮಿ, ದಾಳಿಂಬೆ ಕಾಳು. ಇವರ ಪ್ರಸಾದ ಇರಬೇಕು ಅಂದುಕೊಂಡು ದೇವರ ಮುಂದಿಟ್ಟು ಹೂ ಏರಿಸಿದೆ.

ಸಂಜೆ ಮತ್ತೆ ಬಂದು, ಬಾಗಿಲಲ್ಲೇ ನಿಂತು, ತಿಂದೆಯಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ನನ್ನ ಸೊಸೆ ಅವಳ ಮಾತನ್ನೆಲ್ಲ ಕನ್ನಡದಲ್ಲಿ ಹೇಳಿದಳು: "ಅತ್ತೆ, ಇವತ್ತು ಅವರ ಯಜಮಾನರು ಹೋಗಿ ನಲವತ್ತನೇ ದಿನವಂತೆ. ಅವರ ದೇಶದಲ್ಲಿ ಇದನ್ನ ಚರ್ಚಿನ ಬಾಗಿಲಲ್ಲಿ ಎಲ್ಲರಿಗೂ ಹಂಚ್ತಾರಂತೆ. ಇದನ್ನು ತಿಂದೋರು 'ದೇವರು ಅವನನ್ನ ಕ್ಷಮಿಸಲಿ' ಅನ್ನಬೇಕಂತೆ."

"ಅಯ್ಯೋ ನನ್ನ ಬುದ್ಧಿಗಿಷ್ಟು! ತಿಥಿ ಊಟ ತಂದು ದೇವರ ಮುಂದಿಟ್ಟೆನಲ್ಲೇ!" ಅಂದೆ.

ಎಸೆಯೋಣ ಅಂತಲೇ ತಟ್ಟೆ ಎತ್ತಿದೆ. ಮುದುಕಿ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು. ನಾನು ತಿನ್ನದಿದ್ದರೆ ಅವಳ ಗಂಡನಿಗೆ ಒಂದು ಒಳ್ಳೇ ಮಾತು ಕಮ್ಮಿಯಾಗುತ್ತಿತ್ತು.

ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. "ದೇವರು ಅವನನ್ನ ಕ್ಷಮಿಸಲಿ. ಸಕ್ಕರೆ ಮಾತ್ರ ಜಾಸ್ತಿ ಸುರಿದಿದ್ದೀಯ," ಅಂದೆ. ಸೊಸೆ ಎರಡು ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು.

ಮುದುಕಿ ನಕ್ಕುಬಿಟ್ಟಳು. "ಅವನೂ ಹಾಗೇ ಬಯ್ಯುತ್ತಿದ್ದ," ಅಂದವಳೇ ಒಳಗೆ ಬಂದು ಕೂತು, ನನ್ನ ತಟ್ಟೆಯಿಂದ ತಾನೂ ಒಂದು ಹಿಡಿ ತಿಂದಳು.