ಹೊಂಡದ ಪಕ್ಕದ ಬಾವಿ

ಹೊಂಡದ ದಾರಿಯಲ್ಲಿ ಹೆಂಗಸರು ಖಾಲಿ ಕೊಡ ಹಿಡಿದು ಸುಮ್ಮನೆ ನಿಂತಿದ್ದರು. ನಾನೂ ಅವರ ಹಿಂದೆ ನಿಂತೆ. ಇಣುಕಿ ನೋಡಿದರೆ ನೀರಿನಲ್ಲಿ ಆನೆಗಳ ಹಿಂಡು! ಮರಿಯೊಂದು ತಾಯಿಯ ಕಾಲ ನಡುವೆ ನಿಂತು ಸೊಂಡಿಲಲ್ಲಿ ನೀರೆಳೆಯಲು ಕಲಿಯುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ವಸಿ ತಾಳವ್ವ," ಎಂದರು ನಾನು ಇಳಿದುಕೊಂಡಿದ್ದ ಮನೆಯ ಮಾದಮ್ಮ. "ಅವು ಕುಡ್ಕಂಡು ಓಗ್ಲಿ. ಆಮೇಲೆ ನಾವು ತಕಳವ."

'ವಸಿ' ಎಂದರೆ ಸ್ವಲ್ಪ. ಈ ಸೀಮೆಯಲ್ಲಿ ನಾನು ಕಲಿತ ಮೊದಲ ಮಾತು.

ಅರವತ್ತರ ದಶಕದ ಕೊನೆಯ ವರ್ಷಗಳವು. ಕುಮಟೆಯ ಕಡಲ ಬದಿಯಲ್ಲಿ ಬೆಳೆದ ನಾನು ಮೈಸೂರಿನಲ್ಲಿ ಜೀವಶಾಸ್ತ್ರ ಓದುತ್ತಿದ್ದೆ. ಕುಡಿಯುವ ನೀರಿನಲ್ಲಿರುವ ಜೀವಿಗಳ ಅಧ್ಯಯನಕ್ಕೆಂದು, ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಕೊಳ್ಳೇಗಾಲ, ಹನೂರು ದಾಟಿ ಕೌದಳ್ಳಿಯಾಚೆಯ ಈ ಸಣ್ಣ ಊರಿಗೆ ಬಂದಿದ್ದೆ. ನಮ್ಮಲ್ಲಿ ಹಿತ್ತಲಿಗೊಂದು ಬಾವಿ. ಇಲ್ಲಿ ಮನುಷ್ಯರಿಗೂ ದನಗಳಿಗೂ ಆನೆಗಳಿಗೂ ಒಂದೇ ಹೊಂಡ. ಮೀನು, ಕುಚ್ಚಲಕ್ಕಿ ಅನ್ನ ಉಂಡು ಬೆಳೆದವಳಿಗೆ ರಾಗಿಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು. "ಅಗೀಬ್ಯಾಡ ಕಣವ್ವ, ನುಂಗು," ಎಂದು ಮಾದಮ್ಮ ನಗುತ್ತಿದ್ದರು. ಮಾರ್ಟಳ್ಳಿ ಕಡೆಯಿಂದ ಬಂದ ತಮಿಳು ಮಾತಿನ ಸೊಸೆಯರು ನೀರಿಗೆ 'ತಣ್ಣಿ' ಎನ್ನುತ್ತಿದ್ದರು. ಅಲೆಯ ಸದ್ದಿಲ್ಲದ ಸಂಜೆಗಳಲ್ಲಿ ಕಿವಿಯೇ ಕಳೆದುಹೋದಂತೆ ಅನಿಸುತ್ತಿತ್ತು.

ಊರಿನ ಮಕ್ಕಳಿಗೆ ಆಗಾಗ ವಾಂತಿ, ಭೇದಿ. ಹೊಂಡದ ಹನಿಯೊಂದನ್ನು ಗಾಜಿನ ಮೇಲಿಟ್ಟು ಮಾದಮ್ಮನನ್ನು ಕರೆದೆ. ಅವರು ಒಂದು ಕಣ್ಣು ಮುಚ್ಚಿ ಬಗ್ಗಿದವರು ಬೆಚ್ಚಿ ಹಿಂದೆ ಸರಿದರು.

"ಅಯ್ಯೋ ಸಿವನೇ! ಓಡಾಡ್ತವಲ್ಲ! ಇವೆಲ್ಲ ನಮ್ ಒಟ್ಟೆಗೆ ಓಯ್ತಿದ್ವಾ?"

ಆನೆಗಳೆದುರು ನಾನು ನಿಂತ ಹಾಗೆಯೇ ಅವರು ಆ ಹನಿಯೆದುರು ನಿಂತಿದ್ದರು.

ಹೊಂಡಕ್ಕೆ ಬೇಲಿ ಹಾಕಿದರೆ ಆನೆಗಳಿಗೆ ನೀರಿಲ್ಲ. ಪಕ್ಕದ ಮರಳು ನೆಲದಲ್ಲಿ ಬಾವಿ ತೋಡಿದರೆ, ನೀರು ಮರಳಿನಲ್ಲಿ ಸೋಸಿ ಬರಬಹುದೆಂದು ನನ್ನ ಲೆಕ್ಕ. ನನ್ನ ಸಹಪಾಠಿಗಳು ರಜೆಯಲ್ಲಿ ಶ್ರಮದಾನಕ್ಕೆ ಬರಲು ಒಪ್ಪಿದ್ದರು. ಆದರೆ ಆ ನೆಲ ಊರಿನ ದೊಡ್ಡ ಬೇಸಾಯಗಾರರಾದ ಮಹದೇವಪ್ಪನವರದು.

"ಎಲ್ಲಾ ಕೇರಿಯವರೂ ನನ್ ಒಲದಲ್ಲಿ ನೀರು ಸೇದದಾ? ಆಗಕಿಲ್ಲ ಕನಮ್ಮ," ಎಂದರು.

"ಎಲ್ಲರಿಗೂ ಅಲ್ಲದಿದ್ದರೆ ನಾವು ತೋಡುವುದಿಲ್ಲ," ಎಂದೆ.

ಆಗ ಮಾದಮ್ಮ ಅವರಿಗೆ ಹೇಳಿದರು: "ನಿಮ್ ಸೊಸೆ ಬಸುರಿ. ಅವ್ಳು ಕುಡಿಯೋ ನೀರ ಒಂದ್ ಸಲ ನೋಡ್ಬುಟ್ಟು ಆಮೇಲೆ ಯೋಳಿ, ಗೌಡ್ರೇ."

ಮಹದೇವಪ್ಪನವರು ಬಂದರು. ಮಸೂರದ ಮೇಲೆ ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಎದ್ದು ಮನೆಯ ಕಡೆ ಹೊರಟರು. ಮರುದಿನ ಬೆಳಿಗ್ಗೆ ಹೊಲದ ಮೂಲೆಯಲ್ಲಿ ನಿಂತು ಹಿಮ್ಮಡಿಯಿಂದ ನೆಲಕ್ಕೆ ಗುರುತು ಹಾಕಿದರು. "ಇಲ್ಲಿ ತೋಡಿ. ಯಾರ್ ಬೇಕಾದ್ರೂ ಸೇದ್ಕಳ್ಳಿ."

ನಮ್ಮ ಗೆಳೆಯರು, ಎಲ್ಲ ಕೇರಿಯ ಗಂಡಸರು ಹೆಂಗಸರು ಸೇರಿ ತೋಡಿದೆವು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದವು. ಮೊದಲು ಒಣ ಮರಳು, ಆಮೇಲೆ ತಂಪು ಮರಳು. ಒಂದು ಮಧ್ಯಾಹ್ನ ಬಾವಿಯ ಗೋಡೆ ಬೆವರಿ ನೀರು ಜಿನುಗಿತು. ಕೆಸರು ತಿಳಿಯಾದ ಮೇಲೆ ಅದರ ಹನಿಯನ್ನು ಮಾದಮ್ಮನಿಗೆ ತೋರಿಸಿದೆ. ಅವರು ಹುಡುಕಿದರು, ಮತ್ತೆ ಹುಡುಕಿದರು.

"ಏನೂ ಇಲ್ವಲ್ಲವ್ವ! ಬರೀ ಬೆಳಕು!"

ಇದರಲ್ಲೂ ಕಾಣದಷ್ಟು ಸಣ್ಣವು ಇನ್ನೂ ಇರಬಹುದು, ಕಾಯಿಸಿಯೇ ಕುಡಿಯಿರಿ ಎಂದೆ. ಅವರು ತಲೆಯಾಡಿಸಿದರು, ಆದರೆ ಕಣ್ಣು ಮಸೂರದಿಂದ ಕದಲಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಕ್ಕಳ ಕಾಯಿಲೆ ಕಡಿಮೆಯಾಯಿತು. ಮಹದೇವಪ್ಪನವರ ಮೊಮ್ಮಗಳು ಗುಂಡುಗುಂಡಗೆ ಬೆಳೆದಳು.

ಓದು ಮುಗಿಸಿ ಕೊಳ್ಳೇಗಾಲದಲ್ಲಿ ಶಿಕ್ಷಕಿಯಾದೆ. ಒಂದು ರಜೆಯಲ್ಲಿ ಕುಮಟೆಗೆ ಹೋದಾಗ ಅಮ್ಮ ಬಡಿಸುತ್ತಾ ಕೇಳಿದಳು: "ನಿಮ್ಮೂರ ಬದಿಗೆ ಮಳೆ ಬಿತ್ತೇನೇ?"

"ಬಿತ್ತಮ್ಮ, ಚೆನ್ನಾಗಿ ಬಿತ್ತು," ಎಂದೆ. ಅಮ್ಮ ಕೊಳ್ಳೇಗಾಲದ ಕಡೆಯನ್ನು 'ನಿಮ್ಮೂರು' ಎಂದಿದ್ದಳು, ನಾನೂ ತಿದ್ದಿರಲಿಲ್ಲ.

ಸಂಜೆ ಕಡಲ ದಂಡೆಗೆ ಹೋದೆ. ಅಷ್ಟು ದಿನ ಹಂಬಲಿಸಿದ ಅಲೆಗಳ ಸದ್ದಿಗೆ ಕಣ್ಣು ತುಂಬಿತು. ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು, ನಾನು ಕಡಲಿಗೆ ಬೆನ್ನು ಮಾಡಿ, ಬೆಟ್ಟಗಳ ಕಡೆ ನೋಡುತ್ತಾ ನಿಂತಿದ್ದೆ.